ಮದ್ರಾಸಿಗೆ ಹೋದ ಹುರುಳಿಕಾಯಿ

ಮೈಸೂರಿನ ರೈಲು ಬೆಳಿಗ್ಗೆ ಸೆಂಟ್ರಲ್ ತಲುಪುವಷ್ಟರಲ್ಲೇ ಚೂಡಿದಾರ್ ಬೆನ್ನಿಗೆ ಅಂಟಿತ್ತು. ತೊಡೆಯ ಮೇಲಿನ ಬಟ್ಟೆ ಚೀಲದಲ್ಲಿ ಒಂದು ಡಬ್ಬಿ, ಡಬ್ಬಿಯ ತುಂಬ ಹುರುಳಿಕಾಯಿ, ಕಾಯಿಗಳ ಮೇಲೆ ಎಳ್ಳಿಗಿಂತ ಚಿಕ್ಕ ಕಪ್ಪು ತಿಗಣೆಗಳು. ಹಾಸಿಗೆಯ ತಿಗಣೆಯ ಬಳಗವೇ, ಆದರೆ ಇವು ಬೇಟೆಗಾರರು; ಸೂಜಿಯಂಥ ಕೊಕ್ಕು ಚುಚ್ಚಿ ಬೆಳೆಯ ನುಸಿಯನ್ನು ಹೀರುತ್ತವೆ. ಮೊಟ್ಟೆಯನ್ನು ಕಾಯಿಯ ಸಿಪ್ಪೆಯೊಳಗೆ ಹುದುಗಿಸುತ್ತವೆ. ಇವು ಸಿಕ್ಕಿದ್ದ ಸೇವಂತಿಗೆ ಹೊಲಕ್ಕೆ ಆಮೇಲೆ ಔಷಧಿ ಹೊಡೆದಿದ್ದರು. ನಾನು ಸಾಕಿದ್ದರಲ್ಲಿ ಉಳಿದದ್ದು ಇಷ್ಟೇ. ಇವುಗಳ ಹೆಸರು ತಿಳಿಯದೆ ನನ್ನ ಪಿಎಚ್‌.ಡಿ. ಮುಗಿಯುವಂತಿರಲಿಲ್ಲ. ಹೇಳಬಲ್ಲವರು ಅಡ್ಯಾರಿನ ಒಬ್ಬ ಹಿರಿಯ ಕೀಟಶಾಸ್ತ್ರಜ್ಞರು. ಅವರೋ ಮರುದಿನ ಮಗಳಿರುವ ದೇಶಕ್ಕೆ ಹೊರಟವರು.

ಮೀಟರ್ ಎಂದರೆ ಆಟೋದವನು ಮುಖ ತಿರುಗಿಸಿದ. ಅವನು ಕೇಳಿದ್ದನ್ನೇ ಕೊಟ್ಟು ಟ್ರಿಪ್ಲಿಕೇನಿನ ಸೋದರತ್ತೆಯ ಮನೆ ಸೇರಿದೆ. ಮಡಿಯ ಮನೆ, ರೈಲಿನಲ್ಲಿ ಬಂದವಳು ಮೊದಲು ಸ್ನಾನ ಮಾಡಬೇಕು. ಚೀಲವನ್ನು ಹಜಾರದಲ್ಲಿಟ್ಟು ಬಚ್ಚಲಿಗೆ ಹೋದೆ.

ಊಟಕ್ಕೆ ಕೂತಾಗ ಅತ್ತೆ ಎಲೆಗೆ ಪಲ್ಯ ಬಡಿಸಿದರು.

“ಮೈಸೂರು ಹುರುಳಿಕಾಯಿ ತಂದ್ಯಲ್ಲೇ, ಎಷ್ಟು ಎಳೇದು! ಆದ್ರೆ ಒರೇ ಪೂಚಿ ಕಣೇ, ಬರೀ ಹುಳ. ಲಾರಿ ತಣ್ಣೀಲೇ ಮೂರು ಸಲ ತೊಳ್ದೆ.”

ಊರಿನಿಂದ ಹೋದವರು ತರಕಾರಿ ಒಯ್ಯುವುದು ನಮ್ಮಲ್ಲಿ ವಾಡಿಕೆ. ಪ್ರತಿ ಸಲ ಬದನೆಕಾಯಿ, ವೀಳ್ಯದೆಲೆ ಹೊತ್ತು ಹೋದವಳೇ ನಾನು. ರೈಲಿನ ಮೈಲಿಗೆ ನನಗೆ ಮಾತ್ರ. ತರಕಾರಿಗೆ ನೀರು ಬಿದ್ದರೆ ಆಯಿತು. ನೀರಿನ ಬರಗಾಲದಲ್ಲೂ ಲಾರಿಯಲ್ಲಿ ಬರುವ ನೀರನ್ನು ಅಷ್ಟೊಂದು ಸುರಿದವರಿಗೆ ಏನೆಂದು ಬೈಯಲಿ? “ಚೆನ್ನಾಗಿದ್ಯೇನೇ?” ಎಂದರು. ಚೆನ್ನಾಗಿತ್ತು ಎಂಬುದೇ ಸಂಕಟ.

ಖಾಲಿ ಡಬ್ಬಿಯನ್ನು ಅದೇ ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಅಡ್ಯಾರಿಗೆ ಹೋದೆ. ಉಡುಪಿ ಕಡೆಯ ಆ ಹಿರಿಯರು ಡಬ್ಬಿಯ ಮೂಲೆಗೆ ಅಂಟಿದ್ದ ಒಂದೇ ತಿಗಣೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರು.

“ಇದು ಹೆಣ್ಣು ಮಾರಾಯ್ತಿ. ಹೊರಗಿಂದ ನೋಡಿದ್ರೆ ಎಲ್ಲ ಒಂದೇ ಹಾಗೆ. ಗಂಡಿನ ಹಿಂಬದಿಯಲ್ಲಿ ಒಂದು ಕೊಂಡಿ ಉಂಟು, ಅದರ ಆಕಾರ ನೋಡಿಯೇ ಹೆಸರು ಹೇಳ್ಬೇಕು. ಒಂದು ಗಂಡು ಇದ್ರೂ ಸಾಕಿತ್ತು.”

ಪಲ್ಯದ ಕಥೆ ಹೇಳಿದೆ. ಅವರು ನಗಲಿಲ್ಲ, ಅದೊಂದು ಪುಣ್ಯ.

“ಸಂಜೆವರೆಗೆ ಇರ್ತೇನೆ. ಅತ್ತೆ ಮನೆಯಲ್ಲಿ ಹುಡುಕಿ ನೋಡಿ,” ಎಂದರು.

ಬಸ್ಸು ಅಡ್ಯಾರ್ ಸೇತುವೆ ದಾಟುವಾಗ, ಚೀಲ ತೂಗಿದ್ದ ಮೊಣಕೈ ಬಳಿ ಸೂಜಿ ಚುಚ್ಚಿದಂತಾಯಿತು. ಹಸಿದರೆ ಇವು ಮನುಷ್ಯರನ್ನೂ ಚುಚ್ಚುತ್ತವೆ; ನನಗೆ ಚೆನ್ನಾಗಿ ಗೊತ್ತು. ಆದರೆ ಅದು ನೆನಪಾಗುವ ಮೊದಲೇ ಕೈ ಬಡಿದಾಗಿತ್ತು. ಬೆರಳೆತ್ತಿದರೆ ಕಪ್ಪು ಕಲೆ, ಪಕ್ಕದಲ್ಲಿ ಒಂದು ಮುರಿದ ರೆಕ್ಕೆ. ಗಂಡೋ ಹೆಣ್ಣೋ, ಇನ್ನು ಯಾರೂ ಹೇಳಲಾರರು.

“ಕೊಸುವಾಮ್ಮಾ?” ಸೊಳ್ಳೆಯೇ ಎಂದು ಪಕ್ಕದ ಹೆಂಗಸು ಕೇಳಿದರು.

ಹೌದು, ಸೊಳ್ಳೆ, ಎಂದೆ.