ಸಮುದ್ರಕ್ಕೆ ತಲೆ ಬಾಚುವ ಮುನಿವೆಂಕಟಮ್ಮ

ಬೆಳಗಿನ ಐದೂಕಾಲು. ದೇವನಹಳ್ಳಿ ತಾಲ್ಲೂಕಿನ ಒಂದು ರೆಸಾರ್ಟಿನ ಹಿಂಭಾಗದಲ್ಲಿ, ದ್ರಾಕ್ಷಿ ತೋಟಗಳ ನಡುವೆ, ಒಂದು ಸಮುದ್ರ ಇನ್ನೂ ಮಲಗಿದೆ. ಅಲೆ ಎಬ್ಬಿಸುವ ಯಂತ್ರಕ್ಕೆ ಹತ್ತು ಗಂಟೆಯವರೆಗೂ ಬಿಡುವು. ತಂದು ನೆಟ್ಟ ತೆಂಗಿನ ಮರಗಳಿವೆ, ಹುಲ್ಲಿನ ಛತ್ರಿಗಳಿವೆ, ನೀಲಿ ಬಣ್ಣ ಬಳಿದ ನೆಲದ ಮೇಲೆ ಪಾದದಿಂದ ಎದೆಮಟ್ಟಕ್ಕೆ ಇಳಿಯುವ ನೀರಿದೆ. ಆ ನೀರಿನ ಅಂಚಿಗೆ ಅರವತ್ತೆರಡು ಹೆಜ್ಜೆ ಉದ್ದದ ಮರಳ ದಂಡೆ. ಸೀರೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿಕೊಂಡ ಐವತ್ತೆಂಟರ ಮುನಿವೆಂಕಟಮ್ಮ ಅದರ ಮೇಲೆ ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ಕೈಯಲ್ಲಿ ಕಬ್ಬಿಣದ ಹಲ್ಲಿನ ಉದ್ದನೆಯ ರೇಕು. ಅವರು ಹಿಂದೆ ಹಿಂದೆ ಸರಿದಂತೆ ನಿನ್ನೆಯ ಹೆಜ್ಜೆಗುರುತುಗಳೆಲ್ಲ ಅಳಿದು ಸಾಲು ಸಾಲು ಗೆರೆ ಮೂಡುತ್ತದೆ.

“ಏನಕ್ಕಾ, ಸಮುದ್ರಕ್ಕೆ ತಲೆ ಬಾಚಿ ಆಯ್ತಾ? ಜಡೆ ಯಾವಾಗ ಹಾಕ್ತೀಯಾ?” ಶೌಚಾಲಯ ತೊಳೆಯಲು ಬಕೆಟ್ ಹಿಡಿದು ಹೊರಟ ಅನುಸೂಯಮ್ಮನದು ದಿನಾ ಇದೇ ತಮಾಷೆ.

“ಇದ್ಕೆ ಹೇನೇ ಜಾಸ್ತಿ ಕಣೇ!” ಎನ್ನುತ್ತಾ ಮುನಿವೆಂಕಟಮ್ಮ ರೇಕಿನ ಹಲ್ಲಿಗೆ ಸಿಕ್ಕಿದ ಚಿಪ್ಸ್ ಕವರು, ಕೂದಲ ರಬ್ಬರು, ಒಂಟಿ ಓಲೆ ಬಿಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ರೇಕು ಎಳೆಯುವುದು ಸುಲಭದ ಪಾಲು. ಅಲೆ ಎಳೆದುಕೊಂಡು ಹೋಗಿ ನೀರೊಳಗೆ ಕೆಡವಿದ ಮರಳನ್ನು ಸಲಿಕೆಯಲ್ಲಿ ಮೊಗೆದು, ಬಾಂಡ್ಲಿಗೆ ತುಂಬಿ, ಮತ್ತೆ ಮೇಲಕ್ಕೆ ಹೊತ್ತು ಸುರಿಯಬೇಕು. ವಾರದ ದಿನಗಳಲ್ಲಿ ನಲವತ್ತು ಬಾಂಡ್ಲಿ. ಸೋಮವಾರ ಎಂಬತ್ತಕ್ಕೆ ಕಮ್ಮಿಯಿಲ್ಲ. ಆರು ವರ್ಷದಿಂದ ಹೊತ್ತಿದ್ದಕ್ಕೆ ಮಂಡಿ ಎರಡೂ ಹೋಗಿವೆ, ಕಾಲ್ಬೆರಳ ಸಂದು ಸದಾ ಬಿಳಿಚಿಕೊಂಡಿರುತ್ತದೆ.

ಸೋಮವಾರಕ್ಕೇ ಯಾಕೆ ಎರಡರಷ್ಟು? ಮುನಿವೆಂಕಟಮ್ಮ ಒದ್ದೆ ಮರಳ ಮೇಲೆ ಬೆರಳಾಡಿಸಿ ತೋರಿಸುತ್ತಾರೆ. “ಅಲೆ ಬರುವಾಗ ಮರಳು ತತ್ತದೆ, ಹೋಗುವಾಗ ಎಳ್ಕಂಡೋಯ್ತದೆ. ಮೆಲ್ಲಗ್ ಬಂದ್ರೆ ತಂದಾಕಿದ್ದು ಜಾಸ್ತಿ, ಜೋರಾಗ್ ಬಂದ್ರೆ ಎಳ್ಕಂಡಿದ್ದು ಜಾಸ್ತಿ. ಭಾನ್ವಾರ ಜನ ಅಂತ ಮಿಷಿನ್ ಜೋರ್ ಮಾಡ್ತಾರೆ. ಸೋಮ್ವಾರ ನೋಡಿದ್ರೆ ದಂಡೆ ಮೆಟ್ಲು ಕಡ್ದಂಗಿರ್ತದೆ. ಆಮೇಲ್ ನಾಕ್ ದಿನ ಮೆಲ್ಲಗ್ ಬಿಟ್ರೆ ಅದೇ ಒಸಿ ಒಸಿ ವಾಪಸ್ ತಂದು ಕಟ್ಕತದೆ. ದಪ್ಪ ಕಾಳು ಮೇಲೆ ನಿಂತ್ಕತದೆ, ಸಣ್ಣದು ಕೆಳೀಕ್ ಜಾರ್ತದೆ.” ಯಾರೂ ಹೇಳಿಕೊಟ್ಟಿದ್ದಲ್ಲ. ಹೊತ್ತು ಹೊತ್ತು ಕಲಿತದ್ದು.

ಹತ್ತಕ್ಕೆ ಗೇಟು ತೆರೆದರೆ ಜನವೋ ಜನ. ಬೆಳಿಗ್ಗೆ ಶಿವಗಂಗೆ ಬೆಟ್ಟ ಹತ್ತಿ, ಬಳಿದುಕೊಂಡ ವಿಭೂತಿ ಒರೆಸದೇ ನೀರಿಗಿಳಿಯುವ ಕುಟುಂಬಗಳು, ಹೊಸಕೋಟೆಯ ಫ್ಯಾಕ್ಟರಿ ಹುಡುಗರು, ಬೆಂಗಳೂರಿನ ಆಫೀಸಿನವರು. “ಅಲೆ ನೋಡಿದ್ ಕೂಡ್ಲೆ ದೊಡ್ಡೋರೂ ಚಿಕ್ಕುಡುಗ್ರಾಗೋಯ್ತಾರೆ. ಕೆರೆ ಮುಂದೆ ಯಾರೂ ಹಂಗಾಗಲ್ಲ ನೋಡಿ,” ಎಂಬುದು ಮುನಿವೆಂಕಟಮ್ಮನ ಲೆಕ್ಕಾಚಾರ. ಬಂದವರೆಲ್ಲ ಮರಳ ಮೇಲೆ ಹೆಸರು ಬರೆಯುತ್ತಾರೆ. ಮುನಿವೆಂಕಟಮ್ಮನಿಗೆ ಓದಲು ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ ಎಲ್ಲರ ಹೆಸರನ್ನೂ ಭೇದಭಾವವಿಲ್ಲದೆ ಅಳಿಸುತ್ತಾರೆ. ನಿಜವಾದ ಸಮುದ್ರವನ್ನು ಅವರು ಇನ್ನೂ ಕಂಡಿಲ್ಲ.

ಆದರೆ ಈ ಮರಳನ್ನು ಮಾತ್ರ ಬಹಳ ಹಿಂದೆಯೇ ಕಂಡವರು.

ಅವರ ಊರು ಹೊಸಕೋಟೆ ತಾಲ್ಲೂಕಿನ ಹುಣಸೇಗುಟ್ಟಹಳ್ಳಿ. ಅಲ್ಲಿ ಹನ್ನೊಂದು ವರ್ಷ ಅವರು ಮಾಡಿದ್ದು ‘ಫಿಲ್ಟರ್’ ಕೆಲಸ. ಕೆರೆಯಂಗಳದ ಮಣ್ಣು ಅಗೆದು, ಬೋರ್‌ವೆಲ್ ನೀರು ಬಿಟ್ಟು ಕಲಸಿ, ಕೆಸರನ್ನೆಲ್ಲ ಹರಿಯಬಿಟ್ಟು, ಅಡಿಯಲ್ಲಿ ಉಳಿದ ಕಾಳನ್ನು ಮರಳೆಂದು ಕಟ್ಟಡದವರಿಗೆ ಸಾಗಿಸುವ ಕಳ್ಳ ದಂಧೆ. ತೊಳೆದದ್ದು ಹದವಾಯಿತೋ ಇಲ್ಲವೋ ಎಂದು ನೋಡಲು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಕಿವಿ ಹತ್ತಿರ ಉಜ್ಜುವುದು ಅಲ್ಲಿನ ಪದ್ಧತಿ. ಮಣ್ಣಿನ ಪಸೆ ಇದ್ದರೆ ಸದ್ದಿಲ್ಲ. ಚೆನ್ನಾಗಿ ತೊಳೆದಿದ್ದರೆ ಕರಕರ ಎನ್ನುತ್ತದೆ. ಅಧಿಕಾರಿಗಳು ಬಂದು ಫಿಲ್ಟರ್ ಮುಚ್ಚಿಸುವ ಹೊತ್ತಿಗೆ ಕೆರೆಯಲ್ಲಿ ಎರಡಾಳುದ್ದದ ಗುಂಡಿಗಳು ಬಿದ್ದಿದ್ದವು. ಈಗ ಮಳೆ ಬಂದರೆ ನೀರು ಗುಂಡಿಗಳಲ್ಲೇ ನಿಲ್ಲುತ್ತದೆ, ತೂಬಿನ ಹತ್ತಿರಕ್ಕೂ ಬರುವುದಿಲ್ಲ.

“ಯಾರೋ ಬಂದು ಕೆರೆ ಹಾಳ್ ಮಾಡುದ್ರು ಅಂತ ಊರೋರೆಲ್ಲ ಹೇಳ್ತಾರೆ. ನಾನ್ ಹೆಂಗ್ ಹೇಳ್ಲಿ? ಕೆರೆ ಹೊಟ್ಟೆ ಬಗ್ದಿದ್ದು ಈ ಕೈಯಿ,” ಎಂದು ಎರಡೂ ಅಂಗೈ ಚಾಚಿ, ಮತ್ತೆ ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

ಊರಲ್ಲಿ ಕೆಲಸ ನಿಂತ ಮೇಲೆ ಇತ್ತ ಬಂದು ರೆಸಾರ್ಟಿಗೆ ಸೇರಿದರು. ಸೇರಿದ ವಾರದಲ್ಲೇ ಹೊಸ ದಂಡೆಗೆಂದು ಟಿಪ್ಪರ್‌ಗಳಲ್ಲಿ ಮರಳು ಬಂತು. ಮೊದಲ ಟಿಪ್ಪರ್ ಓಡಿಸಿಕೊಂಡು ಬಂದವನು ಅವರೂರಿನವನೇ ಆದ ಭೀಮರಾಜ್. “ಏನಕ್ಕಾ, ನೀನ್ ತೊಳ್ದಿದ್ ಮರಳು ನಿನ್ನೇ ಹುಡ್ಕಂಡ್ ಬಂತು!” ಎಂದು ನಕ್ಕ. ಫಿಲ್ಟರ್ ನಿಂತಾಗ ಸಾಗಿಸದೆ ಉಳಿದಿದ್ದ ರಾಶಿಯದು. ಮುನಿವೆಂಕಟಮ್ಮ ಚಿಟಿಕೆ ತೆಗೆದು ಕಿವಿ ಹತ್ತಿರ ಉಜ್ಜಿ ನೋಡಿದರು. ಹೌದು, ಅದೇ. ಅಷ್ಟರಲ್ಲಿ ಗೇಟಿನಲ್ಲಿ ಬೋರ್ಡು ಎದ್ದಿತ್ತು: ಅಸಲಿ ಕಡಲ ಮರಳು. ಯಾರಾದರೂ ಕೇಳಿದರೆ ಸಮುದ್ರದ್ದು ಅನ್ನಬೇಕೆಂದು ಮ್ಯಾನೇಜರ್ ಹರಿಪ್ರಸಾದ್ ಹೇಳಿದರು. ಜನ ಕೇಳಿದರು, ಇವರು ಅಂದರು. ಆರು ವರ್ಷ ಅದು ಅಂಥ ದೊಡ್ಡ ಸುಳ್ಳು ಅಂತ ಅನ್ನಿಸಲೇ ಇಲ್ಲ.

ಕಳೆದ ಜನವರಿಯಲ್ಲಿ ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಪ್ರಮೋದಾ ಟೀಚರ್ ಒಂಬತ್ತನೇ ಕ್ಲಾಸಿನ ನಲವತ್ತಮೂರು ಮಕ್ಕಳನ್ನು ಕರೆತರುತ್ತಾರೆ. ಪಾಠದಲ್ಲಿ ಕಡಲತೀರ ಬಂದಿದೆ, ಮಕ್ಕಳನ್ನು ಕರಾವಳಿವರೆಗೆ ಕರೆದೊಯ್ಯಲು ಅನುಕೂಲವಿಲ್ಲ. ಬೆಟ್ಟದ ಕಲ್ಲು ಒಡೆದು, ಹೊಳೆಯಲ್ಲಿ ಉರುಳಿ, ಸಾವಿರಾರು ವರ್ಷ ಅಲೆಯ ಕೈಗೆ ಸಿಕ್ಕಿ ಸವೆದು ದುಂಡಗಾದದ್ದೇ ಕಡಲ ಮರಳು ಎಂದು ಟೀಚರ್ ವಿವರಿಸುತ್ತಾರೆ. ರೇಕು ಹಿಡಿದು ಬದಿಯಲ್ಲಿ ನಿಂತಿದ್ದ ಮುನಿವೆಂಕಟಮ್ಮನಿಗೆ ತಡೆಯಲಾಗುವುದಿಲ್ಲ, ಭಾನುವಾರ ಸೋಮವಾರದ ಕತೆ ಬಾಯಿಗೆ ಬಂದುಬಿಡುತ್ತದೆ.

“ಮಳೆಗಾಲದ ದೊಡ್ಡ ಅಲೆ ದಂಡೆ ಕಡಿಯುತ್ತೆ, ಆಮೇಲೆ ಸಣ್ಣ ಅಲೆ ಅದನ್ನ ವಾಪಸ್ ಕಟ್ಟುತ್ತೆ ಅಂತ ಒಂದ್ ಪೀರಿಯಡ್ ಪೂರ್ತಿ ಬಡ್ಕೊಂಡೆ. ಒಬ್ಬರ ತಲೆಗೂ ಹೋಗ್ಲಿಲ್ಲ. ಇವ್ರು ಎರಡೇ ಮಾತಲ್ಲಿ ಹೇಳ್ಬಿಟ್ರು ನೋಡ್ರೋ! ಇವತ್ತು ಇವ್ರೇ ನಿಮ್ ಟೀಚರ್,” ಎನ್ನುತ್ತಾರೆ ಪ್ರಮೋದಾ. ನಲವತ್ತಮೂರು ಜೊತೆ ಕೈ ಚಪ್ಪಾಳೆ ತಟ್ಟುತ್ತವೆ. ಮುನಿವೆಂಕಟಮ್ಮನ ಜನ್ಮದಲ್ಲಿ ಅದೇ ಮೊದಲು.

ಚಪ್ಪಾಳೆ ನಿಲ್ಲುವುದರೊಳಗೆ, ಭೂತಗನ್ನಡಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ ಅಕ್ಷತ ಎಂಬ ಹುಡುಗಿ ತಲೆಯೆತ್ತುತ್ತಾಳೆ. “ಮಿಸ್, ದುಂಡಗಿರುತ್ತೆ ಅಂದ್ರಲ್ಲ, ಇದು ಚೂಪ್‌ಚೂಪಾಗಿದೆ. ಕೆಂಪಗೂ ಇದೆ. ಇದು ಸಮುದ್ರದ್ದಲ್ಲ ಅನ್ಸುತ್ತೆ.”

ಮಕ್ಕಳ ಜೊತೆಗೇ ಬಂದಿದ್ದ ಮ್ಯಾನೇಜರ್ ಹರಿಪ್ರಸಾದ್ ನಗುತ್ತಾರೆ. “ಗೇಟಲ್ಲಿ ಬೋರ್ಡ್ ನೋಡ್ಲಿಲ್ವಾ ಪುಟ್ಟಾ? ಬೇಕಾದ್ರೆ ನಿಮ್ ಹೊಸ ಟೀಚರ್ನೇ ಕೇಳು.”

ಎಲ್ಲರೂ ತಿರುಗುತ್ತಾರೆ. ಮುನಿವೆಂಕಟಮ್ಮ ರೇಕಿನ ಹಿಡಿ ನೋಡಿಕೊಂಡು, “ಹೂಂ ಮಗಾ… ಸಮುದ್ರದ್ದೇ,” ಎನ್ನುತ್ತಾರೆ.

“ಲೇ ಅಕ್ಷತಾ, ಕನ್ನಡಕ ಹಾಕ್ಸ್ಕೋ!” “ಬಂದ್ಳು ಗುರು, ಸೈಂಟಿಸ್ಟು!” ಎಂದು ಜೊತೆಯ ಮಕ್ಕಳು ಗೇಲಿ ಮಾಡುತ್ತಾರೆ. ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಸಾಲನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸುತ್ತಾಳೆ. ರಬ್ಬರಿನ ಪುಡಿ ಮರಳ ಮೇಲೆ ಉದುರುತ್ತದೆ.

ಮಾರನೆಯ ಬೆಳಿಗ್ಗೆ ಅದೇ ಜಾಗಕ್ಕೆ ಬಂದಾಗ ರೇಕು ಮುಂದೆ ಹೋಗಲಿಲ್ಲ ಎನ್ನುತ್ತಾರೆ ಮುನಿವೆಂಕಟಮ್ಮ. “ಕೆರೆ ಬಗೀವಾಗ ಹೊಟ್ಟೆಪಾಡು ಅಂದ್ಕಂಡೆ. ಇದ್ಯಾವ್ ಪಾಡು? ಸರ್ಯಾಗ್ ನೋಡಿದ್ ಮಗೀನ ಕಣ್ಣೇ ಸುಳ್ ಮಾಡ್ಬುಟ್ಟೆ. ಅದೂ ಚಪ್ಪಾಳೆ ತಕ್ಕಂಡ್ ಬಾಯಲ್ಲಿ.” ಅನುಸೂಯಮ್ಮನ ಮುಂದೆ ಎಲ್ಲ ಹೇಳಿಕೊಂಡರು. “ಸುಮ್ಕಿರಕ್ಕಾ, ಮಕ್ಳು ಮರ್ತಿರ್ತವೆ. ಹೋಗ್ ಹೇಳಿದ್ರೆ ಕೆಲ್ಸ ಹೋಯ್ತದೆ ನೋಡ್ಕೋ,” ಎಂದು ಅವರು ಬುದ್ಧಿ ಹೇಳಿದರು.

ಒಂಬತ್ತನೇ ದಿನ ವಾರದ ರಜ. ಮುನಿವೆಂಕಟಮ್ಮ ದಂಡೆಯ ಮರಳನ್ನು ಒಂದು ಪೊಟ್ಟಣ ಕಟ್ಟಿಕೊಂಡು ಬಸ್ ಹತ್ತಿ ಶಾಲೆಗೆ ಹೋಗುತ್ತಾರೆ. ಕ್ಲಾಸಿನ ಬಾಗಿಲಲ್ಲೇ ನಿಂತು ಹೇಳುತ್ತಾರೆ: “ಆ ಮಗು ಹೇಳಿದ್ದೇ ಸರಿ ಮೇಡಮ್ಮೋರೇ. ಇದು ನಮ್ಮೂರ್ ಕೆರೇದು. ನಾನ್ ಸುಳ್ ಹೇಳ್ದೆ.”

ಪ್ರಮೋದಾ ಬೀರುವಿನಿಂದ ಪುಟ್ಟ ಬಾಟಲಿ ತೆಗೆಯುತ್ತಾರೆ. ಎಂದೋ ಕುಮಟಾ ಕಡೆ ಹೋದಾಗ ತಂದಿದ್ದ ಸಮುದ್ರದ ಮರಳು. ಮುನಿವೆಂಕಟಮ್ಮ ಮಕ್ಕಳಿಗೆ ಕಿವಿ ಹತ್ತಿರ ಉಜ್ಜುವುದನ್ನು ಹೇಳಿಕೊಡುತ್ತಾರೆ. ಕೆರೆಯದು ಕರಕರ, ಕಡಲಿನದು ಪಿಸುಪಿಸು. ಕೊನೆಗೆ ತಮ್ಮ ಅಂಗೈಗೂ ಕಡಲಿನದು ಚಿಟಿಕೆ ಹಾಕಿಸಿಕೊಂಡು, “ಅಯ್ಯೋ, ಇಷ್ಟೊಂದ್ ನುಣ್ಣಗಿರ್ತದಾ?” ಎಂದುಬಿಡುತ್ತಾರೆ. ಮಕ್ಕಳು ಗೊಳ್ಳನೆ ನಗುತ್ತಾರೆ, ಅಕ್ಷತಳೂ.

ಆಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ. “ಅಜ್ಜೀ, ಕೆರೆ ಅಗ್ದೋರು ಯಾರು ಮತ್ತೆ?”

ಅದಕ್ಕೆ ಅವರು ತಯಾರಾಗಿ ಹೋಗಿರಲಿಲ್ಲ. “ನಾನೂ ಒಬ್ಳು ಕಣಪ್ಪಾ,” ಎನ್ನುತ್ತಾರೆ. ಕ್ಲಾಸಿನಲ್ಲಿ ಯಾರೂ ನಗುವುದಿಲ್ಲ.

ಪ್ರಮೋದಾ ಅಕ್ಷತಳಿಂದ ಅಳಿಸಿದ ಸಾಲನ್ನು ಮತ್ತೆ ಬರೆಸಿ, ಕೆಂಪು ಇಂಕಿನಲ್ಲಿ ರೈಟ್ ಹಾಕುತ್ತಾರೆ. “ತಪ್ಪು ನಂದೂ ಇದೆ. ಅವತ್ತು ಆ ಭೂತಗನ್ನಡೀಲಿ ನಾನೂ ಬಗ್ಗಿ ನೋಡ್ಬೇಕಿತ್ತು,” ಎಂದು ಈಗ ಒಪ್ಪಿಕೊಳ್ಳುತ್ತಾರೆ. ರೈಟ್ ಮಾರ್ಕನ್ನು ಮುನಿವೆಂಕಟಮ್ಮ ಕೇಳಿ ನೋಡಿಕೊಂಡು ಬಂದಿದ್ದಾರೆ. ಅದೊಂದನ್ನು ಅವರು ಓದಬಲ್ಲರು.

ಸುದ್ದಿ ರೆಸಾರ್ಟಿಗೂ ಮುಟ್ಟಿತು. “ಅಮ್ಮನ್ನ ಕೆಲ್ಸದಿಂದ ತೆಗ್ಯಕ್ಕೆ ನಂಗೆ ಮನಸ್ಸಿಲ್ಲ. ಬೋರ್ಡ್ ತೆಗ್ಯಕ್ಕೆ ನಂಗೆ ಅಧಿಕಾರ ಇಲ್ಲ. ನಾನೇನ್ ಮಾಡ್ಲಿ ಹೇಳಿ?” ಎಂದು ಹರಿಪ್ರಸಾದ್ ಕೈಚೆಲ್ಲುತ್ತಾರೆ. ಕಂಡುಕೊಂಡ ದಾರಿ ಇಷ್ಟೇ. ಮುನಿವೆಂಕಟಮ್ಮನ ಪಾಳಿ ಈಗ ಐದರಿಂದ ಒಂಬತ್ತೂವರೆ. ಗೇಟು ತೆರೆಯುವುದು ಹತ್ತಕ್ಕೆ.

ಒಂಬತ್ತೂಕಾಲು. ದಂಡೆ ಬಾಚಿ ಮುಗಿದಿದೆ, ಒಂದು ಹೆಜ್ಜೆಗುರುತೂ ಇಲ್ಲ. ಮುನಿವೆಂಕಟಮ್ಮ ನಲ್ಲಿಯ ಹತ್ತಿರ ಹೋಗುವ ಮೊದಲು ದಂಡೆಯ ಮೇಲೆ ನಿಂತು ಪಾದ ಕೊಡವುತ್ತಾರೆ, ಅಷ್ಟು ಮರಳೂ ಚರಂಡಿಗೆ ಹೋಗಬಾರದೆಂದು. ಮುಂದಿನ ಗೇಟಿನಲ್ಲಿ ಆಗಲೇ ಮೊದಲ ಟೂರಿಸ್ಟ್ ಬಸ್ಸು ಹಾರ್ನ್ ಹೊಡೆಯುತ್ತಿದೆ. ಅವರು ಊಟದ ಡಬ್ಬಿ ಎತ್ತಿಕೊಂಡು ಹಿಂದಿನ ಗೇಟಿನತ್ತ ಹೊರಡುತ್ತಾರೆ.

“ಪೇಪರ್ನಾಗೆ ಹೆಸ್ರು ಹಾಕ್ಕಳಿ, ಪೋಟೋನೂ ಹಾಕ್ಕಳಿ. ನಂದೊಂದೇ ಆಸೆ. ಯಾರಾದ್ರೂ ಒಬ್ರು ಗೇಟ್ ತೆಗ್ಯಕ್ ಮುಂಚೆ ಬಂದು, ಅಜ್ಜೀ, ಇದೆಲ್ಲೀ ಮರಳು ಅಂತ ಇನ್ನೊಂದ್ಸಲ ಕೇಳ್ಬೇಕು.”