ತುದಿಕೊಂಬೆಯ ಹುಣಸೆ

ಆಗೆಲ್ಲ ನಮ್ಮ ಬುಕ್ಕಾಪಟ್ಟಣದ ಕಡೆ ಶಿವರಾತ್ರಿ ಹತ್ತಿರ ಬಂತೆಂದರೆ ಊರಿಗೆ ಊರೇ ಹುಣಸೆಹಣ್ಣಿನ ವಾಸನೆ. ಹೆಂಗಸರು ಜಗಲಿ ಮೇಲೆ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಆ ಬೀಜ ಹುರಿದು ನಾವು ಜೇಬು ತುಂಬಿಕೊಳ್ಳುತ್ತಿದ್ದೆವು.

ನಮ್ಮಪ್ಪ ಮರಗಳನ್ನು ಗುತ್ತಿಗೆ ಹಿಡಿಯುತ್ತಿದ್ದ. ಕೊಂಬೆ ಮೇಲೆ ನಿಂತು ಕಾಲಲ್ಲಿ ಅಲುಗಿಸಿದರೆ ಕಳಿತ ಹಣ್ಣಷ್ಟೇ ಉದುರುತ್ತದೆ. ತುದಿಕೊಂಬೆಗೆ ಹಗುರ ಮೈಯವರೇ ಆಗಬೇಕು. ಮನೆಯಲ್ಲಿ ಹಗುರ ಮೈ ನನ್ನದು. ಹಾಗಾಗಿ ಏಳನೇ ಕ್ಲಾಸಿನಲ್ಲಿ ವಾರಗಟ್ಟಲೆ ಶಾಲೆ ತಪ್ಪಿತು. ಇನ್ನು ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಶಾಲೆಯಿಂದ ಹೇಳಿಕಳಿಸಿದರು.

ಮತ್ತೆ ಶಾಲೆಗೆ ಹೋದ ದಿನವೇ ಕನ್ನಡ ಮೇಷ್ಟ್ರು ಒಂದು ಪಾಠ ಓದಿಸಿದರು. ‘ಕೋಲಿನಿಂದ ಬಡಿದು ಹುಣಸೆಹಣ್ಣನ್ನು ಉದುರಿಸಲಾಗುತ್ತದೆ’ ಎಂದಿತ್ತು.

“ಇದ್ರಲ್ಲಿ ಒಬ್ಬ ಮನುಷ್ಯನೂ ಇಲ್ವಲ್ರೋ! ಯಾರಿಗೆ ಏನು ತೊಂದ್ರೆ, ಅದು ಹೆಂಗೆ ಬಗೆಹರೀತು, ವಿಚಾರಿಸ್ಕೊಂಡು ಬಂದು ಕಥೆ ಮಾಡಿ” ಅಂದರು.

ನಾನು ಎದ್ದು ನಿಂತೆ. “ಬಡಿಯಾಕಿಲ್ಲ ಸಾ, ಅಲುಗುಸ್ತೀವಿ. ಬಡುದ್ರೆ ಮುಂದಿನ ವರ್ಷದ ಚಿಗುರು ಹೋಯ್ತದೆ.”

“ಕೋತಿಗೆಲ್ಲಾ ಗೊತ್ತು ಸಾ” ಅಂದ ಹಿಂದಿನ ಬೆಂಚಿನ ನಾಗ. ಕ್ಲಾಸೆಲ್ಲ ನಕ್ಕಿತು.

ಮೇಷ್ಟ್ರು ನಗಲಿಲ್ಲ. “ಸರಿ, ಇವನು ಮರ ಹತ್ತಿದ್ರೆ ಸ್ಕೂಲಿಲ್ಲ, ಸ್ಕೂಲಿಗೆ ಬಂದ್ರೆ ಹಣ್ಣಿಲ್ಲ. ಈ ತೊಂದ್ರೇನೇ ಎಲ್ಲಾರೂ ಬಗೆಹರ್ಸಿ” ಅಂದರು.

ನಾಗ ತನ್ನ ಕಥೆಯಲ್ಲಿ ಉದ್ದನೆಯ ದೋಟಿ ಕಟ್ಟಿ, ಕೊಕ್ಕೆಯಿಂದ ಹಣ್ಣು ಎಳೆಸಿದ. ನಾನು, ಅಪ್ಪ ಮನಸ್ಸು ಬದಲಿಸಿ ಮಗನನ್ನು ಶಾಲೆಗೆ ಕಳಿಸಿದ ಎಂದು ಬರೆದೆ. ಮೇಷ್ಟ್ರು ಅದರ ಮೇಲೆ ಕೆಂಪು ಗೀಟು ಎಳೆದರು.

“ನಿಮ್ಮಪ್ಪನ್ನ ಕೇಳಿದ್ಯೇನೋ? ಕೇಳ್ಕೊಂಡು ಬಂದು ಮುಗ್ಸು.”

ಸಂಜೆ ಮರದ ಬುಡದಲ್ಲಿ ಅಪ್ಪನಿಗೆ ಎರಡು ಕಥೆಯನ್ನೂ ಹೇಳಿದೆ. ಅಪ್ಪ ಬೀಡಿ ಆರಿಸಿದ.

“ನಾನ್ಯಾವಾಗ್ಲಾ ಅಂಗಂದೆ?”

“ಅದ್ನೇ ಕೇಳಾಕೆ ಬಂದಿದ್ದು.”

ಅಪ್ಪ ಮರದ ಕಡೆ ನೋಡಿದ, ನನ್ನ ಕಡೆ ನೋಡಿದ. “ದೋಟಿ ಹಾಕುದ್ರೆ ಕೊಂಬೆ ಮುರೀತದೆ, ಅದು ಬ್ಯಾಡ. ಒತ್ತಾರೆ ಎದ್ದು ತುದಿಕೊಂಬೆ ಅಲುಗಿಸ್ಬುಟ್ಟು ಸ್ಕೂಲಿಗೋಗು. ಮಿಕ್ಕಿದ್ದು ನಾನು ನೋಡ್ಕತೀನಿ. ಇಂಗೇ ಬರ್ಕೋ ಲೇ, ಒಂದಕ್ಷರ ಸೇರುಸ್ಬ್ಯಾಡ.”

ಹಾಗೇ ಬರೆದೆ. ಹಾಗೇ ಆಯಿತು. ಹುಳಿ ಮೆತ್ತಿದ ಕೈಯಲ್ಲಿ ಓದಿ ಪುಸ್ತಕದ ಹಾಳೆಗಳು ಅಂಟಿಕೊಂಡವು, ಆದರೂ ಪರೀಕ್ಷೆಗೆ ಕೂತು ಪಾಸಾದೆ. ನನ್ನ ಓದು ಅಲ್ಲಿಗೇ ನಿಂತಿತು. ಅದಕ್ಕೆ ನಾಚಿಕೆಯಿಲ್ಲ, ದುಡಿದು ಉಂಡಿದ್ದೇನೆ, ಈಗ ನಾನೇ ಮರಗಳನ್ನು ಗುತ್ತಿಗೆ ಹಿಡಿಯುತ್ತೇನೆ.

ಮೊನ್ನೆ ಮಗಳು ಫೋನ್ ನೋಡಿ ಶಾಲೆಗೆ ಹುಣಸೆಯ ವಿಚಾರ ಬರೆಯುತ್ತಿದ್ದಳು. ಅದೇ ‘ಕೋಲಿನಿಂದ ಬಡಿದು’.

“ಬಡಿಯೋರು ಯಾರವ್ವಾ?” ಅಂದೆ.

“ಯಾರೋ ಒಬ್ರು, ಬುಡು ಅಪ್ಪ.”

ನಾನು ಅದನ್ನು ತಿದ್ದಲಿಲ್ಲ. ಮರ ಹತ್ತುವವರು ಸಿಗುವುದಿಲ್ಲವೆಂದು ನಾನೂ ಈಗ ಕೋಲಿನಿಂದಲೇ ಬಡಿದು ಉದುರಿಸುತ್ತೇನೆ. ಕೋಲಿಗೆ ಎಟುಕದ ತುದಿಕೊಂಬೆಯ ಹಣ್ಣು ಮರದಲ್ಲೇ ಒಣಗುತ್ತದೆ.