ಫುಲ್‌ಬಾಸಿಯ ಗಡಿಯಾರದ ಕೀ

ಫಿಜಿ ದ್ವೀಪದ ಲೌಟೋಕ ಪಟ್ಟಣದಲ್ಲಿ, ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ವ್ರಜಲಾಲ್ ಸೋನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ತಪ್ಪು ಹೊತ್ತು ತೋರಿಸುವ ಗಡಿಯಾರವೆಂದರೆ ಅವನಿಗೆ ಸುಳ್ಳುಗಾರನನ್ನು ಕಂಡಷ್ಟೇ ಅಸಹ್ಯ. ಮದುವೆಮನೆಗೆ ಹೋದರೂ ಅಲ್ಲಿಯ ಗೋಡೆ ಗಡಿಯಾರ ಸರಿಮಾಡಿಯೇ ಊಟಕ್ಕೆ ಕೂರುತ್ತಿದ್ದ. ಹೆಂಡತಿ ತೀರಿಕೊಂಡ ದಿನವೂ ಅಂಗಡಿಯ ಗಡಿಯಾರಗಳಿಗೆಲ್ಲ ಕೀ ಕೊಟ್ಟೇ ಸ್ಮಶಾನಕ್ಕೆ ಹೊರಟನೆಂದು ಜನ ಆಡಿಕೊಳ್ಳುತ್ತಿದ್ದರು. ಅದು ನಿಜವೂ ಆಗಿತ್ತು.

ಒಂದೇ ವಾಚನ್ನು ಪದೇ ಪದೇ ರಿಪೇರಿಗೆ ತರುತ್ತಿದ್ದ ಫುಲ್‌ಬಾಸಿ ಅಂದೂ ಅದೇ ಹಳೆಯ ಕೈಗಡಿಯಾರ ಹಿಡಿದು ಅವನ ಅಂಗಡಿಗೆ ಬಂದಳು. ಅದು ಅವಳ ಗಂಡ ಬಿಸೇಸರನದು, ಅವನ ಅಪ್ಪನ ಕಾಲದ್ದು. ಮೀನಿಗೆ ಹೋಗುವಾಗ ಉಪ್ಪುನೀರು ತಾಗೀತೆಂದು ಬಿಸೇಸರ ಅದನ್ನು ಹೆಂಡತಿಯ ಕೈಗೆ ಕೊಟ್ಟು ಹೋಗುತ್ತಿದ್ದ. ಕಳೆದ ಸಲ ಕಬ್ಬಿನ ಕಟಾವಿನ ವೇಳೆ ಹಾಗೆ ಕೊಟ್ಟು ಹೋದವನು ತಿರುಗಿ ಬರಲಿಲ್ಲ. ಹವಳದ ದಿಬ್ಬದ ಮೇಲೆ ಒಡೆದ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಫುಲ್‌ಬಾಸಿ ಬಳೆ ಒಡೆಯಲಿಲ್ಲ, ಬೈತಲೆಯ ಸಿಂಧೂರ ಅಳಿಸಲಿಲ್ಲ. ಓಣಿಯ ಹೆಂಗಸರು ಬಾಯಿಗೆ ಬಂದದ್ದು ಆಡಿದರು.

“ಮತ್ತೆ ಕೀ ಸಡಿಲ ಮಾಡ್ಕೊಂಡ್ ಬಂದ್ಯಾ ಬಹಿನಿ? ಇದೇನ್ ಬಾವಿ ರಾಟೆ ಅಂದ್ಕೊಂಡ್ಯಾ?” ಎಂದು ವ್ರಜಲಾಲ್ ಗದರಿದ.

“ನಾನೇನೂ ಮಾಡಿಲ್ಲ ಭೈಯಾ. ತಾನಾಗೇ ಸಡಿಲ ಆಗತ್ತೆ.”

ವ್ರಜಲಾಲ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದ. ಕೀಯ ಒಳಗಿನ ತಿರುಪು ಪೂರಾ ಸವೆದಿತ್ತು. ಆ ಜಾತಿಯ ವಾಚಿನಲ್ಲಿ ಮುಳ್ಳನ್ನು ಪದೇ ಪದೇ ಹಿಂದಕ್ಕೆ ತಿರುಗಿಸಿದರೆ ಕೀ ತನ್ನ ಕಡ್ಡಿಯಿಂದ ಬಿಚ್ಚಿಕೊಳ್ಳುತ್ತದೆ.

“ಮುಳ್ಳು ಹಿಂದಕ್ಕೆ ತಿರುಗಿಸ್ತೀಯ. ಸುಳ್ಳು ಹೇಳ್ಬೇಡ.”

ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು. “ಸಂಜೆ ಐದಕ್ಕೆ ಬರ್ತೀನಿ, ರೊಟ್ಟಿ ಮಾಡಿಟ್ಟಿರು ಅಂತ ಅವ್ರು ಹೇಳಿ ಹೋಗಿದ್ರು. ಐದು ಹತ್ರ ಬಂದಾಗೆಲ್ಲ ಹಿಂದಕ್ಕೆ ಹಾಕ್ತೀನಿ. ಮಲಗೋವಾಗ ಇನ್ನೂ ಹಿಂದಕ್ಕೆ. ಇದ್ರಲ್ಲಿ ಇನ್ನೂ ಐದಾಗಿಲ್ಲ ಭೈಯಾ.”

ವ್ರಜಲಾಲನಿಗೆ ಅಯ್ಯೋ ಎನಿಸಿತು. ಆದರೆ ಅವನಲ್ಲಿ ಮರುಕವೂ ಸಿಟ್ಟಿನ ವೇಷದಲ್ಲೇ ಹೊರಬರುವುದು. ಹೆಂಗಸಿಗೆ ತಲೆ ಕೆಡುವ ಮುಂಚೆ ಯಾರಾದರೂ ಇದನ್ನು ನಿಲ್ಲಿಸಬೇಕು ಎಂದುಕೊಂಡ. ಹೊಸ ಕೀ ಹುಡುಕಿ, ಕಡ್ಡಿಗೆ ಅಂಟು ಹಚ್ಚಿ ಬಿಗಿಯಾಗಿ ಕೂರಿಸಿದ. ಆಮೇಲೆ ಮುಳ್ಳನ್ನು ಸರಿಯಾದ ಹೊತ್ತಿಗೆ ತಂದು, ಮುಳ್ಳು ತಿರುಗಿಸುವ ಪುಟ್ಟ ಚಕ್ರವನ್ನೇ ಒಳಗಿನಿಂದ ತೆಗೆದುಬಿಟ್ಟ. ಇನ್ನು ವಾಚಿಗೆ ಕೀ ಕೊಡಬಹುದು, ಮುಳ್ಳನ್ನು ಅಲ್ಲಾಡಿಸಲಾಗದು. ಅದನ್ನು ಅವಳಿಗೆ ಹೇಳಲಿಲ್ಲ.

“ಇನ್ಮೇಲೆ ಕಳಚಲ್ಲ. ಹೋಗು.”

ಸಂಜೆ ಅವನಿಗೆ ಕೆಲಸ ಸಾಗಲಿಲ್ಲ. ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಂಗಡಿಯ ಗಡಿಯಾರಗಳೆಲ್ಲ ಒಟ್ಟಿಗೆ ಐದು ಹೊಡೆದವು. ಎಂದೂ ಇಲ್ಲದೆ ಆ ಸದ್ದು ಅವನಿಗೆ ಬೇಡವೆನಿಸಿತು.

ಮರುದಿನ ಬೆಳಿಗ್ಗೆ ಫುಲ್‌ಬಾಸಿ ಬಂದು ವಾಚನ್ನು ಮೇಜಿನ ಮೇಲಿಟ್ಟಳು. ಕೈ ಬರಿದಾಗಿತ್ತು, ಮಣಿಕಟ್ಟಿನ ಮೇಲೆ ಬಳೆಚೂರು ಗೀರಿದ ಗಾಯ. ಬೈತಲೆ ತೊಳೆದು ಬೆಳ್ಳಗಿತ್ತು.

“ಎಷ್ಟು ತಿರುಗಿಸಿದ್ರೂ ಹಿಂದಕ್ಕೆ ಹೋಗ್ಲಿಲ್ಲ ಭೈಯಾ.”

“ನಾನೇ ಹಾಗೆ ಮಾಡ್ದೆ ಬಹಿನಿ. ನಿನ್ನ ಒಳ್ಳೇದಕ್ಕೆ.”

“ಇರ್ಬೋದು,” ಎಂದಳು. ದನಿಯಲ್ಲಿ ಕೋಪವೂ ಇರಲಿಲ್ಲ. “ಇಷ್ಟು ದಿನ ದಾರೀಲಿದ್ರು. ನಿನ್ನೆ ಐದಕ್ಕೆ ಸತ್ತರು. ಇದು ನಿಮ್ಮ ಹತ್ರಾನೇ ಇರ್ಲಿ.”

ಅವಳು ಗಲ್ಲಿ ದಾಟುವ ಮುಂಚೆಯೇ ವ್ರಜಲಾಲ್ ವಾಚು ಬಿಚ್ಚಿದ. ತೆಗೆದಿಟ್ಟ ಚಕ್ರವನ್ನು ಮರಳಿ ಕೂರಿಸಿದ. ಕೂಗಿ ಕರೆಯಲು ಎದ್ದವನು ಮತ್ತೆ ಕೂತು ವಾಚಿಗೆ ಕೀ ಕೊಟ್ಟ.

ಅಂದಿನಿಂದ ಆ ವಾಚು ಅವನ ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು. ಗಿರಾಕಿಗಳು ಹೇಳುತ್ತಿದ್ದರು: “ಸೋನಿ ಭೈಯಾ, ನಿಮ್ಮ ಅಂಗಡೀಲಿ ಇದೊಂದು ತಪ್ಪು ತೋರಿಸ್ತಿದೆ, ಇನ್ನೂ ನಾಲ್ಕೂವರೆ.”

“ಇರ್ಲಿ ಬಿಡು,” ಎನ್ನುತ್ತಿದ್ದ ವ್ರಜಲಾಲ್. ಗಿರಾಕಿ ಅತ್ತ ಹೋದ ಮೇಲೆ ಅದರ ಮುಳ್ಳನ್ನು ಇನ್ನಷ್ಟು ಹಿಂದಕ್ಕೆ ತಿರುಗಿಸಿಡುತ್ತಿದ್ದ.